ಜಸಮತಿ ಉಗುಳಿದ ತೊಂಬಾ

ಜಸಮತಿಯ ಮರ್ಚಾವನ್ನು ಒಲೆಗೆ ಹಾಕಿದ ಹನ್ನೊಂದು ಹೆಂಗಸರಲ್ಲಿ ನಾನೂ ಒಬ್ಬಳು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ನಾನೇನೋ ಶುರುವಿನಿಂದಲೂ ಅವಳ ಪಕ್ಷ ವಹಿಸಿಕೊಂಡು ಬಂದವಳು ಎಂದು ನೀವು ತಿಳಿದುಕೊಳ್ಳುತ್ತೀರಿ. ಆ ದಿನ ನಮ್ಮ ಯಾಂಗ್‌ಸಿಲಾ ಊರಿನಲ್ಲಿ ಅವಳ ಪಕ್ಷದವರು ಎಂದು ಒಬ್ಬರೂ ಇರಲಿಲ್ಲ.

ನಾನು ಅವಳಿಗೆ ಓರಗಿತ್ತಿ. ನನ್ನ ಗಂಡನೂ ಅವಳ ಗಂಡ ರಣಧ್ವಜನೂ ಅಣ್ಣತಮ್ಮಂದಿರ ಮಕ್ಕಳು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅವಳು ಬಂದು ನಾಲ್ಕು ವರ್ಷವಾಗಿತ್ತು. ಊರಲ್ಲಿ ಎಲ್ಲರೂ ನನ್ನನ್ನು ಕಾಂಛಿ ಎನ್ನುತ್ತಿದ್ದರು, ಮನೆಗೆ ಕಿರಿಯಳೆಂದು. ಅವಳೂ ಹಾಗೇ ಕರೆದಳು, ಈಗಲೂ ಹಾಗೇ ಕರೆಯುತ್ತಾಳೆ. ಕುಳ್ಳಗಿನ ಹೆಂಗಸು, ಅಗಲವಾದ ಮಣಿಕಟ್ಟು, ಮಾತು ಕಡಿಮೆ. ಕಣ್ಣು ಮಾತ್ರ ಯಾರ ಮೇಲೆ ನೆಟ್ಟರೂ ಬೇಗ ಕೀಳುತ್ತಿರಲಿಲ್ಲ.

ಹಿಮದ ಬೆಟ್ಟಗಳ ಬುಡದ ಲಿಂಬು ಜನರಾದ ನಮ್ಮ ಮನೆಗಳಲ್ಲಿ ರಾಗಿ ಉಣ್ಣುವುದಕ್ಕಿಂತ ಕುಡಿಯುವುದಕ್ಕೇ ಹೆಚ್ಚು ಬೇಕು. ರಾಗಿ ಬೇಯಿಸುವುದು ಯಾರಿಗಾದರೂ ಬರುತ್ತದೆ. ಬೆಂದದ್ದನ್ನು ಚಾಪೆಯ ಮೇಲೆ ಹರಡಿ ಆರಿಸಿ, ಹುದುಗು ಬರಿಸುವ ಮರ್ಚಾ ಪುಡಿ ಉದುರಿಸಿ, ಬುಟ್ಟಿಯಲ್ಲಿ ಬೆಚ್ಚಗೆ ಮುಚ್ಚಿಟ್ಟು, ಆಮೇಲೆ ಗಡಿಗೆಗೆ ತುಂಬಿ ಬಾಯಿ ಕಟ್ಟಿದರೆ ಕೆಲಸ ಮುಗಿಯಿತು. ಚಳಿಗಾಲ ಬಂದಾಗ ಆ ರಾಗಿಯನ್ನು ಮರದ ಪಾತ್ರೆಗೆ ತುಂಬಿ, ಕುದಿನೀರು ಹೊಯ್ದು, ಬಿದಿರ ಕೊಳವೆಯಲ್ಲಿ ಹೀರುವುದು, ಅದೇ ತೊಂಬಾ. ಆದರೆ ಅದು ತೊಂಬಾ ಆಗುತ್ತದೆಯೋ ಹುಳಿ ಗಂಜಿ ಆಗುತ್ತದೆಯೋ ಎನ್ನುವುದೆಲ್ಲ ಮರ್ಚಾದ ಕೈಯಲ್ಲಿದೆ. ಇಪ್ಪತ್ತು ಬಗೆಯ ಬೇರು, ಎಲೆ ಹುಡುಕಿ ತಂದು, ನೆನೆದ ಅಕ್ಕಿಯ ಜೊತೆ ಕುಟ್ಟಿ, ಬಿಲ್ಲೆ ತಟ್ಟಿ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಬೇಕು. ಗಂಡಸರು ಅದರ ಹತ್ತಿರ ಸುಳಿಯುವಂತಿಲ್ಲ. ಜಸಮತಿ ಅದನ್ನು ತನ್ನ ಅತ್ತೆಯಿಂದ ಕಲಿತಳು, ಅತ್ತೆ ಸತ್ತ ಮೇಲೆ ಅತ್ತೆಯನ್ನೂ ಮೀರಿಸಿದಳು. ನಮ್ಮ ಎತ್ತರಕ್ಕೆ, ನಮ್ಮ ಚಳಿಗೆ ಅವಳ ಮರ್ಚಾದಂಥದ್ದು ಸುತ್ತಲಿನ ಮೂರು ಊರಲ್ಲಿ ಇರಲಿಲ್ಲ.

ಅವಳ ಮಾವ, ರಣಧ್ವಜನ ಅಪ್ಪ ಪಹಲ್ಮಾನನಿಗೆ ಹೊಟ್ಟೆನೋವು ಬಹಳ ವರ್ಷದ್ದು. ಕಪ್ಪಗೆ ವಾಂತಿ ಮಾಡಿಕೊಳ್ಳುತ್ತಿದ್ದ, ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು ಬಿಸಿಲಲ್ಲಿ ಕೂರುತ್ತಿದ್ದ. ಊರಿಗೆಲ್ಲ ಗೊತ್ತಿದ್ದ ಸಂಗತಿ. ಅನ್ನ ಸೇರದಿದ್ದರೂ ಸೊಸೆಯ ತೊಂಬಾ ಸೇರುತ್ತಿತ್ತು. ಒಂದು ಮಧ್ಯಾಹ್ನ ರಾಗಿ ಕೊಯ್ಲು ಮುಗಿಸಿ ನಾವೆಲ್ಲ ಬಂದು ನೋಡುವಾಗ ಕೊಳವೆ ಹಿಡಿದುಕೊಂಡೇ ಗೋಡೆಗೆ ಒರಗಿ ತೀರಿಕೊಂಡಿದ್ದ.

ನಾಲ್ಕು ದಿನದ ಸೂತಕ ಕಳೆಯುವ ಹೊತ್ತಿಗೆ ಅಂಗಳದಲ್ಲಿ ಊರೆಲ್ಲ ಸೇರಿತ್ತು. ರಣಧ್ವಜ ಎದ್ದು ನಿಂತು, ಅಪ್ಪನ ತೊಂಬಾ ಪಾತ್ರೆಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ.

"ನನ್ನ ಅಪ್ಪ ಕೊನೇದಾಗಿ ಕುಡಿದದ್ದು ಇದನ್ನ. ಇದರಲ್ಲಿ ಏನೋ ಇತ್ತು. ಆ ಬೇರು ಈ ಬೇರು ಅಂತ ಕಾಡು ಅಲೀತಾಳಲ್ಲ, ಯಾವ ಬೇರು ಹಾಕಿದಾಳೆ ಅಂತ ಯಾರಿಗೆ ಗೊತ್ತು? ಒಂಬತ್ತು ವರ್ಷ ಆಯ್ತು, ಮಕ್ಕಳು ಕೂಡ ನಿಲ್ಲಲಿಲ್ಲ ನನ್ನ ಮನೇಲಿ."

ಜಸಮತಿ ನೀರಿನ ಕೊಡ ಇಳಿಸುತ್ತಿದ್ದಳು. ಕೊಡ ಇಳಿಸಿ ಅಲ್ಲೇ ನಿಂತಳು. ಯಾರಾದರೂ ಏನಾದರೂ ಹೇಳುತ್ತಾರೆ ಎಂದು ಒಬ್ಬೊಬ್ಬರ ಮುಖವನ್ನೇ ನೋಡಿದಳು. ಊರಿನ ಹಿರಿಯ ಸುಬ್ಬಾ ಅಜ್ಜ ತನ್ನ ಕೋಲಿನ ತುದಿ ನೋಡಿಕೊಂಡು ಕೂತ. ನನ್ನ ಗಂಡ ಕೆಮ್ಮಿದ. ನಾನು ಸೆರಗಿನ ಅಂಚು ಸರಿಮಾಡಿಕೊಂಡೆ.

ರಣಧ್ವಜ ಒಳಗೆ ಹೋಗಿ ಅವಳ ಮೂರು ಗಡಿಗೆಗಳನ್ನು ಎಳೆದು ತಂದು ಒದ್ದ. ಹದಕ್ಕೆ ಬಂದಿದ್ದ ರಾಗಿ ಅಂಗಳದ ತುಂಬ ಚೆಲ್ಲಿತು. ಕೋಳಿಗಳು ಓಡಿ ಬಂದು ಮುಗಿಬಿದ್ದವು.

"ಕೋಳಿ ತಿಂತಾ ಇದಾವೆ," ಎಂದಳು ಜಸಮತಿ. ಅಷ್ಟು ಹೊತ್ತಿಗೆ ಅವಳು ಆಡಿದ್ದು ಅದೊಂದೇ ಮಾತು. "ನಾಳೆ ಎಷ್ಟು ಸತ್ತಿವೆ ಎಣಿಸಿ."

ಮಾರನೇ ದಿನ ಒಂದು ಕೋಳಿಯೂ ಸಾಯಲಿಲ್ಲ. ಸಂಜೆಯವರೆಗೆ ತೂರಾಡಿ ಬಿದ್ದೆದ್ದು, ಬೆಳಿಗ್ಗೆ ಎಂದಿನಂತೆ ಮೊಟ್ಟೆಯಿಟ್ಟವು. ಅದನ್ನು ನಾವೆಲ್ಲ ನೋಡಿದೆವು, ಯಾರೂ ಆಡಲಿಲ್ಲ. ಅಷ್ಟರಲ್ಲಿ ಅವಳು ಬಟ್ಟೆಯ ಗಂಟು ಹೊತ್ತು ತವರಿನ ದಾರಿ ಹಿಡಿದಾಗಿತ್ತು. ಅವಳು ಹಂಚಿದ್ದ ಮರ್ಚಾ ಬಿಲ್ಲೆಗಳು ಮನೆಮನೆಯ ಅಟ್ಟದಲ್ಲಿದ್ದವು. ರಣಧ್ವಜನ ಚಿಕ್ಕಮ್ಮ ಮೊದಲು ತನ್ನದನ್ನು ಒಲೆಗೆ ಹಾಕಿದಳು, ಅವಳ ಹಿಂದೆ ನಾವೆಲ್ಲ. ಹೆದರಿಕೆಯಿಂದ ಅಲ್ಲ. ಹಾಕದಿದ್ದರೆ ಜನ ಏನೆಂದಾರೋ ಎಂದು.

ಮೂರು ವಾರ ಕಳೆಯುವುದರೊಳಗೆ ರಣಧ್ವಜ ತಮೋರ್ ಹೊಳೆಯ ಕೆಳಗಿನ ಬೆಚ್ಚಗಿನ ಊರಿನಿಂದ ತಿಲರೂಪಾ ಎಂಬವಳನ್ನು ಕರೆತಂದ. ಅವಳಿಗೆ ಆಗಲೇ ಹೊಟ್ಟೆ ಕಾಣುತ್ತಿತ್ತು. ಆಗ ನಮಗೆಲ್ಲ ಅರ್ಥವಾಯಿತು. ತಪ್ಪಿಲ್ಲದ ಹೆಂಡತಿಯನ್ನು ಹೊರಗೆ ಹಾಕಿದರೆ ಗಂಡ ಅವಳ ಪಾಲಿಗೆ ಗದ್ದೆ ಬಿಡಬೇಕು. ವಿಷ ಹಾಕಿದವಳಿಗೆ ಯಾರು ಗದ್ದೆ ಕೊಡುತ್ತಾರೆ? ಅರ್ಥವಾದರೂ ನಾವು ತಿಲರೂಪಾಳ ಮನೆ ತುಂಬಿಸುವ ಊಟ ಉಂಡು ಬಂದೆವು. ಹಂದಿಮಾಂಸ ಚೆನ್ನಾಗಿತ್ತು.

ಎರಡು ವರ್ಷ ಜಸಮತಿ ತನ್ನ ಅಣ್ಣನ ಮನೆಯಲ್ಲಿದ್ದಳು. ಮೂರನೇ ವರ್ಷ ಹಿಂದಿರುಗಿದಳು. ಊರೊಳಕ್ಕೆ ಬರಲಿಲ್ಲ. ಊರಿಗೂ ಸಂತೆಗೂ ನಡುವೆ ಇರುವ ದಿಣ್ಣೆಯ ನೆತ್ತಿಯಲ್ಲಿ ಸುಬ್ಬಾ ಅಜ್ಜನದೊಂದು ಹುಲ್ಲುಗಾವಲಿತ್ತು. ಅಜ್ಜನ ಮನೆಗೆ ಹೋಗಿ ನಿಂತು, "ಆ ದಿನ ನೀವು ಕೋಲು ನೋಡ್ತಾ ಕೂತಿದ್ರಿ," ಎಂದಳಂತೆ. ಬೇರೇನೂ ಹೇಳಲಿಲ್ಲವಂತೆ. ಅಜ್ಜ ಆ ಮೂಲೆ ಅವಳಿಗೆ ಬಿಟ್ಟುಕೊಟ್ಟ. ಬಿದಿರ ತಟ್ಟಿಯ ಒಂದು ಕೋಣೆ, ಮುಂದೆ ಕೂರಲು ಒಂದು ಉದ್ದನೆಯ ಹಲಗೆ, ಹಿಂದೆ ಗಡಿಗೆಗಳ ಸಾಲು. ಸಂತೆಗೆ ಹೋಗುವವರೆಲ್ಲ ಅದರ ಮುಂದೆಯೇ ಹಾಯಬೇಕು.

ಮೊದಮೊದಲು ಪರವೂರಿನ ಹೊರೆಯಾಳುಗಳು ಮಾತ್ರ ಕೂತು ಕುಡಿದರು. ನಮ್ಮವರು ಮುಖ ತಿರುಗಿಸಿಕೊಂಡು ಹೋದರು, ಮೂಗು ಮಾತ್ರ ತಿರುಗಲಿಲ್ಲ. ಎರಡು ವರ್ಷದಿಂದ ನಾವು ಕುಡಿಯುತ್ತಿದ್ದದ್ದು ಪೇಟೆಯ ಮರ್ಚಾದ ತೊಂಬಾ. ಕುಡಿದರೆ ತಲೆ ಸಿಡಿಯುತ್ತಿತ್ತು, ಮದುವೆಗಳಲ್ಲಿ ಬೀಗರು ಅರ್ಧ ಪಾತ್ರೆಗೇ ಕೊಳವೆ ಕೆಳಗಿಡುತ್ತಿದ್ದರು. ಕಡೆಗೆ ಒಂದು ಮಂಗಳವಾರ ನಾವು ಐದು ಜನ ಹೆಂಗಸರು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡು ಅವಳ ಹಲಗೆಯ ಮುಂದೆ ನಿಂತೆವು.

"ಏನು?" ಎಂದಳು.

"ಮರ್ಚಾ ಬೇಕಿತ್ತು ಅಕ್ಕ," ಎಂದೆ ನಾನು.

ಅವಳು ಒಳಗಿನಿಂದ ಬುಟ್ಟಿ ತಂದಿಟ್ಟಳು. ಬಿಳಿಯ ಬಿಲ್ಲೆಗಳು, ಹಿಂದಿನವೇ ಹಾಗಿದ್ದವು. ನಾನು ಕೈ ಚಾಚಿದರೆ ಬುಟ್ಟಿ ಹಿಂದಕ್ಕೆಳೆದುಕೊಂಡಳು.

"ಮೊದಲು ಒಂದು ತಿನ್ನು."

"ಹಸಿ ಮರ್ಚಾನಾ? ಯಾರಾದ್ರೂ ತಿಂತಾರಾ ಅಕ್ಕ?"

"ಇದರಲ್ಲಿ ವಿಷ ಇದೆ ಅಂತ ಒಲೆಗೆ ಹಾಕಿದೆ ನೀನು. ವಿಷ ಇದೆಯೋ ಇಲ್ವೋ ಅಂತ ಈಗ ಊರಿಗೆ ತೋರಿಸು. ಇಲ್ಲೇ, ಈ ಹಲಗೆ ಮೇಲೆ ಕೂತು."

ಹಲಗೆಯ ಮೇಲಿದ್ದ ಹೊರೆಯಾಳುಗಳು ಜರುಗಿ ಜಾಗ ಮಾಡಿಕೊಟ್ಟರು. ಸಂತೆಯ ದಾರಿ, ಜನ ನಿಂತು ನೋಡುತ್ತಿದ್ದರು. ನಾನು ಕೂತು ಕಚ್ಚಿದೆ. ಬೇವು, ಸುಣ್ಣ, ಮೆಣಸು ಎಲ್ಲ ಒಟ್ಟಿಗೆ ಅಗಿದ ಹಾಗಿತ್ತು. ಕಣ್ಣಲ್ಲಿ ನೀರು ಬಂತು, ನಾಲಿಗೆ ಮರಗಟ್ಟಿತು.

"ಕೆನ್ನೇಲಿ ಇಟ್ಕೋಬೇಡ, ನುಂಗು," ಎಂದಳು. ನುಂಗಿದೆ. "ಬಾಯಿ ತೆಗಿ, ನೋಡೋಣ." ತೆಗೆದು ತೋರಿಸಿದೆ. ಅವಳು ಬಗ್ಗಿ ನೋಡಿ, ನನ್ನ ಕೈಗೆ ನಾಲ್ಕು ಬಿಲ್ಲೆ ಇಟ್ಟು, "ಮುಂದಿನವಳು ಬಾ," ಎಂದಳು.

ಹನ್ನೊಂದು ಹೆಂಗಸರೂ ತಿಂದರು. ಕೆಲವರು ಅದೇ ತಿಂಗಳು, ಕೆಲವರು ಹಟ ಹಿಡಿದು ಎರಡು ವರ್ಷ ಕಳೆದ ಮೇಲೆ. ಕೊನೆಯವಳು ರಣಧ್ವಜನ ಚಿಕ್ಕಮ್ಮ. ಅವಳಿಗೆ ಹಲ್ಲಿರಲಿಲ್ಲ. "ಅಗಿಯೋಕಾಗಲ್ಲ ಕಣೇ ಜಸಮತಿ, ಮುದುಕಿ ನಾನು," ಎಂದು ಗೋಗರೆದಳು. ಜಸಮತಿ ಒರಳು ತಂದು ಬಿಲ್ಲೆ ಕುಟ್ಟಿ ಪುಡಿ ಮಾಡಿ ಅವಳ ಅಂಗೈಗೆ ಹಾಕಿದಳು. ಸುತ್ತ ಇದ್ದವರು ನಕ್ಕರು, ಅವಳು ನಗಲಿಲ್ಲ. ಮುದುಕಿ ನೆಕ್ಕಿ ಮುಗಿಸುವವರೆಗೂ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ತಿಂದವರಿಗೆಲ್ಲ ಅವಳದು ಇನ್ನೊಂದು ಕಟ್ಟಳೆ ಇತ್ತು: ಒಂದೇ ಒಂದು ಬಿಲ್ಲೆ ರಣಧ್ವಜನ ಮನೆಗೆ ಹೋದರೂ ಆ ಹೆಂಗಸಿಗೆ ಮತ್ತೆ ಮರ್ಚಾ ಇಲ್ಲ. ಒಬ್ಬರೂ ಮೀರಲಿಲ್ಲ.

ಊರವರು ಕುಡಿಯಲು ಶುರುಮಾಡಿದ ಮೇಲೆ ಹಳೆಯದೆಲ್ಲ ಮರೆತಿದೆ ಎಂದುಕೊಂಡು ರಣಧ್ವಜನೂ ಒಂದು ದಿನ ಬಂದು ಹಲಗೆಯ ಮೇಲೆ ಕೂತ. ಜಸಮತಿ ಸಾಲಿನಲ್ಲಿ ಎಲ್ಲರ ಮುಂದೆಯೂ ಪಾತ್ರೆ ಇಟ್ಟಳು, ಎಲ್ಲರ ಪಾತ್ರೆಗೂ ಕುದಿನೀರು ಹೊಯ್ದಳು, ಅವನನ್ನು ದಾಟಿಕೊಂಡು ಮುಂದಕ್ಕೆ ಹೋದಳು.

"ನನಗೆ?" ಎಂದ.

"ನಿನಗೆ ಯಾಕಪ್ಪ? ಇಲ್ಲಿ ವಿಷ ಹಾಕ್ತಾರಂತೆ. ಯಾರೋ ದೊಡ್ಡ ಮನುಷ್ಯರೇ ಊರ ಮುಂದೆ ಹೇಳಿದ್ರು."

ಸಾಲಿನಲ್ಲಿ ಒಬ್ಬನ ಕೊಳವೆಯಿಂದ ನಗೆಗೆ ಗುಳುಗುಳು ಸದ್ದು ಬಂತು. ರಣಧ್ವಜ ಎದ್ದು ಹೋದ. ಮತ್ತೆಂದೂ ಆ ಹಲಗೆಯ ಮೇಲೆ ಕೂರಲಿಲ್ಲ.

ಅವನ ಮನೆಯಲ್ಲಿ ತಿಲರೂಪಾ ಇದ್ದಳಲ್ಲ, ಅವಳು ಕೆಳಗಿನ ಬಿಸಿಲೂರಿನವಳು. ಅಲ್ಲಿ ಮೂರು ದಿನಕ್ಕೆ ಹುಳಿಯುವುದು ಇಲ್ಲಿ ಹದಿನೈದು ದಿನವಾದರೂ ಕಣ್ಣು ಬಿಡುವುದಿಲ್ಲ. ಅವಳ ಗಡಿಗೆಗಳು ಲೋಳೆಯಾದವು, ಹುಳ ಬಿದ್ದವು, ವಿನೆಗರ್ ವಾಸನೆ ಹೊಡೆದವು. ಅವಳು ಅಂಗಳದಲ್ಲಿ ಕೂತು ಗಡಿಗೆ ತಿಕ್ಕುತ್ತಿರುವುದನ್ನೂ, ಅವನು ಮೆಟ್ಟಿಲ ಮೇಲೆ ನಿಂತು, "ನಿಮ್ಮೂರಲ್ಲಿ ಇದನ್ನ ಹಂದಿಗೆ ಹಾಕ್ತಾರಾ, ಬೀಗರಿಗೆ ಹಾಕ್ತಾರಾ?" ಎಂದು ಎಲ್ಲರಿಗೂ ಕೇಳಿಸುವಂತೆ ಬೈಯುತ್ತಿರುವುದನ್ನೂ ನಾನು ಎಷ್ಟೋ ಸಲ ನೋಡಿದ್ದೇನೆ. ಕುಡಿಯಲು ಕೊಡದ ಮನೆಗೆ ನಮ್ಮಲ್ಲಿ ಯಾರು ಹೋಗುತ್ತಾರೆ? ಪಂಚಾಯಿತಿಗೆ ಕರೆಯುವುದು ನಿಂತಿತು, ನೇಗಿಲು ಹಿಡಿಯಲು ಕೂಡಾಳು ಬರುವುದು ನಿಂತಿತು. ಮುಂದೆ ಮಗಳು ದೊಡ್ಡವಳಾದಾಗ ಅವಳ ಮದುವೆಯನ್ನೂ ತಿಲರೂಪಾಳ ತವರಿನಲ್ಲೇ ಮಾಡಿದರು. ನಮ್ಮೂರಿಂದ ನಾಲ್ಕೇ ಜನ ಹೋದದ್ದು.

ಮಗಳಿನ್ನೂ ಚಿಕ್ಕವಳಿದ್ದಾಗಲೇ ಒಂದು ವರ್ಷ ಅವನ ಎತ್ತು ಸತ್ತಿತು, ಏಲಕ್ಕಿ ಗಿಡಕ್ಕೆ ರೋಗ ಹತ್ತಿತು. ನಮ್ಮ ಪೂಜಾರಿ ಫೆದಾಂಗ್ಮಾ ಅಕ್ಕಿ ಹರಡಿ ನೋಡಿ, "ನಿನ್ನ ಅಪ್ಪನಿಗೆ ಬಾಯಾರಿಕೆ. ಅವನ ಪಾತ್ರೆಯ ಬಾಯಲ್ಲಿ ಒಂದು ಸುಳ್ಳು ಮಾತು ಸಿಕ್ಕಿಕೊಂಡಿದೆ," ಎಂದ. ರಣಧ್ವಜ ಸುಬ್ಬಾ ಅಜ್ಜನ ಹತ್ತಿರ ಹೋದ. ನಮ್ಮ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ತಪ್ಪು ಮಾಡಿದವನು ತನ್ನ ಮನೆಯಲ್ಲಿ ಮಾಡಿದ ತೊಂಬಾವನ್ನು ನೊಂದವರ ಮುಂದಿಟ್ಟು, ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ನೊಂದವರು ಕುಡಿದರೆ ಅಲ್ಲಿಗೆ ಮುಗಿಯಿತು. ಆಮೇಲೆ ಆ ಮಾತನ್ನು ಯಾರೂ ಎತ್ತುವಂತಿಲ್ಲ.

ಅಜ್ಜನೇ ದಿಣ್ಣೆ ಹತ್ತಿ ಹೋಗಿ ಕೇಳಿದ. ಅವಳು ಒಪ್ಪಿದಳು. "ಆದ್ರೆ ನನ್ನ ಮನೇಲಲ್ಲ ಅಜ್ಜ. ಎಲ್ಲಿ ಆಡಿದನೋ ಅಲ್ಲೇ. ಆ ದಿನ ಯಾರ್ಯಾರು ಇದ್ರೋ ಎಲ್ಲಾ ಇರಬೇಕು."

ಹೀಗೆ ಹನ್ನೆರಡು ವರ್ಷವಾದ ಮೇಲೆ ಅವಳು ಆ ಅಂಗಳಕ್ಕೆ ಕಾಲಿಟ್ಟಳು. ಬಿಸಿಲು ಚೆನ್ನಾಗಿತ್ತು, ಎದುರಿಗೆ ಹಿಮದ ಬೆಟ್ಟ ತೆರೆದುಕೊಂಡಿತ್ತು. ರಣಧ್ವಜ ಪಾತ್ರೆ ತಂದು ಅವಳ ಮುಂದಿಟ್ಟು, ನೆಲ ನೋಡುತ್ತ, "ಅಪ್ಪ ಸತ್ತ ದುಃಖದಲ್ಲಿ ಏನೋ ಮಾತು ಬಂತು. ಹೊಟ್ಟೇಲಿ ಇಟ್ಕೋಬೇಡ," ಎಂದ.

ಜಸಮತಿ ಕೊಳವೆಗೆ ಬಾಯಿಟ್ಟು ಒಂದೇ ಒಂದು ಸಲ ಹೀರಿದಳು. ನುಂಗಲಿಲ್ಲ. ಎದ್ದಳು, ಬಾಯಿ ತುಂಬಿಕೊಂಡೇ ಅಂಗಳದ ಅಂಚಿನವರೆಗೆ ನಿಧಾನವಾಗಿ ನಡೆದಳು, ಅಲ್ಲಿ ಉಗುಳಿದಳು. ಸೆರಗಿನಿಂದ ತುಟಿ ಒರೆಸಿಕೊಂಡು ಹಿಂದಿರುಗಿ ಕೂತಳು.

"ಇದು ತೊಂಬಾ ಅಲ್ಲ ಅಜ್ಜ. ಹುಳಿ ನೀರು. ತೊಂಬಾ ಇಟ್ಟು ತಪ್ಪೊಪ್ಪಿಕೋಬೇಕು ಅಂತ ತಾನೇ ಪದ್ಧತಿ ಇರೋದು? ನೀವೇ ನೋಡಿ ಬೇಕಾದ್ರೆ."

ಸುಬ್ಬಾ ಅಜ್ಜ ಹೀರಿದ. ಮುಖ ಕಿವುಚಿದ. ಪಕ್ಕದವನಿಗೆ ಕೊಟ್ಟ, ಅವನೂ ಕಿವುಚಿದ.

"ಅವಳು ಹೇಳೋದು ನಿಜ," ಎಂದ ಅಜ್ಜ. "ಇದನ್ನ ಕುಡಿ ಅಂತ ನಾನು ಹೇಗೆ ಹೇಳಲಿ?"

"ಒಳ್ಳೆ ತೊಂಬಾ ಎಲ್ಲಿಂದ ತರಲಿ?" ರಣಧ್ವಜನ ದನಿ ಏರಿತು. "ಮರ್ಚಾ ಕೊಡೋರು ಯಾರು ನನಗೆ? ಇವಳೇ ಬಾಗಿಲು ಹಾಕಿಟ್ಟು ಇವಳೇ ಒಳಗೆ ಬಾ ಅಂತಾಳೆ."

"ಅದು ನನ್ನ ಕಷ್ಟ ಅಲ್ಲ," ಎಂದಳು ಜಸಮತಿ, ಎದ್ದು ಹೊರಟುಹೋದಳು.

ಮೂರು ವರ್ಷ ಬಿಟ್ಟು ಅವನು ಮತ್ತೊಮ್ಮೆ ಸಭೆ ಸೇರಿಸಿದ. ಈ ಸಲದ ತೊಂಬಾ ಘಮಘಮ ಎನ್ನುತ್ತಿತ್ತು. ಜಸಮತಿ ಬಾಯಿಗೂ ಇಡಲಿಲ್ಲ, ಮೂಸಿ ನೋಡಿದಳು. "ಇದು ಪೈನ್ ಸೌದೆ ಹೊಗೆಯಲ್ಲಿ ಒಣಗಿದ ಮರ್ಚಾ. ಮೇಲಿನ ಊರಿನವರದು. ನಿಮ್ಮ ಮನೇಲಿ ಉತ್ತೀಸ್ ಮರ ಉರಿಸ್ತೀರಿ. ಬೇರೆಯವರ ಬಾಯಲ್ಲಿ ತಪ್ಪೊಪ್ಪಿಕೊಳ್ತೀಯಾ ನೀನು?" ಎಂದಳು. ಆ ಗಡಿಗೆಯನ್ನು ಮೇಲಿನ ಊರಿನಿಂದ ಹೊತ್ತು ತಂದದ್ದು ನನ್ನ ಗಂಡನೇ.

ಆ ಸಲ ಹಿಂದಿರುಗುವಾಗ ನಾನು ದಿಣ್ಣೆಯವರೆಗೂ ಅವಳ ಜೊತೆ ಹೋದೆ. "ಸಾಕು ಮಾಡು ಅಕ್ಕ," ಎಂದೆ. "ಹದಿನೈದು ವರ್ಷ ಆಯ್ತು. ನಿನಗೂ ವಯಸ್ಸಾಯ್ತು."

"ಅವನು ನನ್ನನ್ನ ಹೊರಗೆ ಹಾಕಿದ, ಅದನ್ನ ನಾನು ಬಿಟ್ಟುಬಿಡ್ತಿದ್ದೆ," ಎಂದಳು ಹತ್ತುತ್ತಲೇ. "ಎರಡನೇ ಹೆಂಡತಿ ತರೋ ಗಂಡಸರು ಎಷ್ಟಿಲ್ಲ? ಆದ್ರೆ ಮಾವ ಸಾಯೋ ಕಾಲಕ್ಕೆ ನನ್ನ ಕೈಯದ್ದೊಂದೇ ಅವನ ಹೊಟ್ಟೇಲಿ ನಿಲ್ತಿತ್ತು. ಅದಕ್ಕೇ ಇವನು ಕೈ ಹಾಕಿದ. ದುಃಖದಲ್ಲಿ ಏನೋ ಮಾತು ಬಂತಂತೆ. ಬಂತಂತೆ, ತಾನಾಗೇ ನಡ್ಕೊಂಡು. ಸುಳ್ಳು ಹೇಳಿದೆ ಅಂತ ಅವನ ಬಾಯಲ್ಲಿ ಇವತ್ತಿನವರೆಗೆ ಬಂದಿದೆಯಾ? ಬೆಳಿಗ್ಗೆ ಒಲೆ ಹಚ್ಚುವಾಗ ಮೊದಲು ನೆನಪಾಗೋದೇ ಅವನು. ಅವನ ಮೇಲಿನ ಸಿಟ್ಟು ಇರೋದಕ್ಕೇ ಈ ವಯಸ್ಸಲ್ಲಿ ಮೂರು ಹೊರೆ ಸೌದೆ ಹೊರ್ತೀನಿ. ನೀನು ಮನೆಗೆ ಹೋಗು ಕಾಂಛಿ."

ತಿಲರೂಪಾಳ ಮೇಲೂ ಅವಳಿಗೆ ಕನಿಕರವಿರಲಿಲ್ಲ. ಒಮ್ಮೆ ಸಂತೆಯ ಹೊರೆ ಹೊತ್ತು ಬಂದ ತಿಲರೂಪಾ ಬಾಯಾರಿ ನೀರು ಕೇಳಿದ್ದಕ್ಕೆ, "ಹೊಳೆ ಕೆಳಗಿದೆ," ಎಂದು ಕಳಿಸಿದ್ದಳು.

ಈಗ ನನ್ನ ಇನ್ನೊಂದು ತಪ್ಪನ್ನು ಹೇಳಬೇಕು. ಒಂದು ಮಳೆಗಾಲದ ಕೊನೆಯಲ್ಲಿ ನಾನು ಸೊಪ್ಪಿಗೆಂದು ಕಾಡಿಗೆ ಹೋದಾಗ ತಿಲರೂಪಾ ಒಂದು ಇಳಿಜಾರಿನಲ್ಲಿ ಕೂತು ಬೇರು ಅಗೆಯುತ್ತಿದ್ದಳು. ಬೆರಳೆಲ್ಲ ಬೊಬ್ಬೆ ಎದ್ದಿತ್ತು. ಮರ್ಚಾಕ್ಕೆ ಹಾಕುವ ಚಿತ್ತು ಬೇರಿನ ಹಾಲು ತಗುಲಿದರೆ ಹಾಗಾಗುತ್ತದೆ. ನನ್ನನ್ನು ನೋಡಿ ಬೇರುಗಳನ್ನು ಸೆರಗಲ್ಲಿ ಮುಚ್ಚಿಕೊಂಡಳು. ಆಮೇಲೆ ತಾನೇ ತೆರೆದು ತೋರಿಸಿದಳು.

"ಎಷ್ಟು ವರ್ಷದಿಂದ ಇದು?" ಎಂದೆ.

"ಲೆಕ್ಕ ಇಟ್ಟಿಲ್ಲ ಅಕ್ಕ. ಪ್ರತಿ ವರ್ಷ ಒಂದು ಬೇರು ಬಿಡ್ತೀನಿ, ಇನ್ನೊಂದು ಸೇರಿಸ್ತೀನಿ. ಬಿಲ್ಲೆ ಚೆನ್ನಾಗೇ ಬರುತ್ತೆ, ಒಣಗೋವಾಗ ಕಪ್ಪು ಬೂಸ್ಟು ಹಿಡಿಯುತ್ತೆ."

"ಯಾವುದರ ಮೇಲೆ ಹರಡ್ತೀಯ?"

"ಭತ್ತದ ಹುಲ್ಲಿನ ಮೇಲೆ."

ನಾನು ಸುಮ್ಮನೆ ಬಂದುಬಿಡಬಹುದಾಗಿತ್ತು. ಅವಳ ಬೆರಳು ನೋಡಿದೆ. "ಜರಿಗಿಡದ ಎಲೆ ಮೇಲೆ ಹರಡು. ಮೊದಲ ದಿನ ಮೇಲೂ ಅದನ್ನೇ ಮುಚ್ಚು," ಎಂದು ಹೇಳಿ, ಹಿಂದೆ ನೋಡದೆ ಇಳಿದು ಬಂದೆ. ಇದನ್ನು ಜಸಮತಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಅದಾಗಿ ಮೂರು ಚಳಿಗಾಲ ಕಳೆದಿರಬೇಕು. ರಣಧ್ವಜನಿಗೆ ಅರವತ್ತು ದಾಟಿತ್ತು, ಮಂಡಿ ಹಿಡಿದಿತ್ತು. ಸುಬ್ಬಾ ಅಜ್ಜ ತೊಂಬತ್ತರ ಹತ್ತಿರ, ಬುಟ್ಟಿಯಲ್ಲಿ ಕೂರಿಸಿ ಬೆನ್ನ ಮೇಲೆ ಹೊತ್ತು ತಂದರು. ಅದೇ ಅಂಗಳ, ಅದೇ ಜನ, ಸತ್ತವರನ್ನು ಬಿಟ್ಟು. ರಣಧ್ವಜ ಪಾತ್ರೆ ಇಟ್ಟ. ಈ ಸಲ ಮುಖದಲ್ಲಿ ಒಂದು ಧೈರ್ಯವಿತ್ತು. ಅದೇ ಮಾತನ್ನೇ ಹೇಳಿದ: "ದುಃಖದಲ್ಲಿ ಬಂದ ಮಾತು."

ಜಸಮತಿ ಹೀರಿದಳು. ನಾವೆಲ್ಲ ಅಂಗಳದ ಅಂಚಿನ ಕಡೆ ದಾರಿ ಬಿಟ್ಟುಕೊಟ್ಟೆವು. ಅವಳು ಏಳಲಿಲ್ಲ. ಗಂಟಲು ಅಲುಗಿತು. ನುಂಗಿದ್ದಳು. ಕಣ್ಣು ಮುಚ್ಚಿ ಇನ್ನೊಂದು ಸಲ ಹೀರಿದಳು, ಮತ್ತೊಂದು ಸಲ. ಪಾತ್ರೆ ಬರಿದಾದಾಗ, "ಬಿಸಿನೀರು," ಎಂದು ಕೈ ಚಾಚಿದಳು. ಯಾರೋ ಕೆಟಲ್ ಕೊಟ್ಟರು. ತಾನೇ ಹೊಯ್ದುಕೊಂಡು ಎರಡನೇ ಸುತ್ತೂ ಕುಡಿದಳು. ಜರಿಗಿಡದ ವಿಷಯ ನನಗೆ ಗೊತ್ತಿತ್ತಲ್ಲ, ನಾನು ಮುಂದಿದ್ದವಳ ಬೆನ್ನ ಹಿಂದೆ ಸರಿದೆ.

"ಅಂತೂ ಮುಗೀತು," ಎಂದ ರಣಧ್ವಜ, ಉಸಿರು ಬಿಟ್ಟು. "ಎಲ್ಲರೂ ನೋಡಿದ್ರಲ್ಲ. ಕುಡಿದಳು."

"ಇದನ್ನ ಮಾಡಿದ್ದು ಯಾರು?" ಎಂದಳು ಜಸಮತಿ.

"ಮನೇಲಿ ಮಾಡಿದ್ದು. ನನ್ನ ಮನೇದೇ. ಬೇಕಾದ್ರೆ ಅಟ್ಟ ನೋಡು."

"ಮನೆಗೆ ಕೈ ಇರಲ್ಲ. ಮಾಡಿದ್ದು ಯಾರು ಅಂದೆ."

ತಿಲರೂಪಾ ಬಾಗಿಲ ಮರೆಯಲ್ಲಿ ನಿಂತಿದ್ದಳು. ಸುಬ್ಬಾ ಅಜ್ಜ ಕೈಯಾಡಿಸಿ ಕರೆದ. ಅವಳು ಬಂದು ನಿಂತಳು. ಅವಳಿಗೂ ಕೂದಲು ನೆರೆತಿತ್ತು.

"ಮರ್ಚಾನೂ ನಿನ್ನದೇನಾ?"

"ಹೂಂ ಅಕ್ಕ."

"ಯಾರು ಕಲಿಸಿದ್ರು?"

ತಿಲರೂಪಾ ನನ್ನ ಕಡೆ ನೋಡಲಿಲ್ಲ. ಅದಕ್ಕೆ ನಾನು ಇವತ್ತಿಗೂ ಅವಳಿಗೆ ಋಣಿ. "ಕೆಡಿಸಿ ಕೆಡಿಸಿ ಕಲಿತೆ," ಎಂದಳು.

"ಸರಿ. ಈಗ ಊರ ಮುಂದೆ ಹೇಳು. ಆ ದಿನ ಇವನು ಈ ಅಂಗಳದಲ್ಲಿ ನಿಂತು ಹೇಳಿದ್ದು ದುಃಖದಲ್ಲಿ ಬಂದ ಮಾತಾ?"

ರಣಧ್ವಜ ನಡುವೆ ಬಾಯಿ ಹಾಕಿದ. "ಅವಳು ಆಗ ಇಲ್ಲಿ ಇರಲೇ ಇಲ್ಲ. ಅವಳನ್ನ ಯಾಕೆ ಕೇಳ್ತೀಯ?"

"ನೀನು ಸುಮ್ನಿರು," ಎಂದ ಸುಬ್ಬಾ ಅಜ್ಜ.

ತಿಲರೂಪಾ ಗಂಡನ ಮುಖವನ್ನೊಮ್ಮೆ ನೋಡಿದಳು. ಇಪ್ಪತ್ತೆರಡು ವರ್ಷ ಮೆಟ್ಟಿಲ ಮೇಲಿಂದ ಕೇಳಿದ ಬೈಗುಳ ಎಲ್ಲಾ ಆಗ ಅವಳಿಗೆ ನೆನಪಾಯಿತೋ ಏನೋ.

"ಮಾವ ಬದುಕಿದ್ದಾಗಲೇ ಇವರು ನನಗೆ ಹೇಳಿದ್ರು. ಭತ್ತದ ಕೊಯ್ಲಿಗೆ ನಮ್ಮೂರಿಗೆ ಬಂದಿದ್ರಲ್ಲ, ಆಗ. 'ಮುದುಕ ಈ ಚಳಿಗಾಲ ದಾಟಲ್ಲ. ಸತ್ತಾಗ ಅವಳ ಮರ್ಚಾದ ಮೇಲೆ ಹಾಕ್ತೀನಿ, ಗದ್ದೆನೂ ಉಳಿಯುತ್ತೆ' ಅಂದ್ರು. ನನಗೆ ಗೊತ್ತಿತ್ತು. ಹೊಟ್ಟೆ ಕಾಣೋಕೆ ಶುರುವಾಗಿತ್ತು, ಸುಮ್ಮನಿದ್ದೆ. ನಂದು ತಪ್ಪು ಅಕ್ಕ. ಆ ಪಾತ್ರೆ ಇಟ್ಟಿದ್ದು ಅವರು, ತುಂಬಿದ್ದು ನಾನು."

ರಣಧ್ವಜ, "ಸುಳ್ಳು," ಎಂದ. ಇನ್ನೊಂದು ಸಲ ಹೇಳಲು ಹೋದವನು ಸುತ್ತಲಿನ ಮುಖಗಳನ್ನು ನೋಡಿ ಅರ್ಧಕ್ಕೇ ನಿಲ್ಲಿಸಿದ.

ಜಸಮತಿ ಕೊಳವೆಯನ್ನು ಪಾತ್ರೆಯಿಂದ ತೆಗೆದು, ಝಾಡಿಸಿ, ಪಕ್ಕಕ್ಕಿಟ್ಟಳು. "ಅಜ್ಜ, ನೀವೇ ಸಾಕ್ಷಿ. ತಪ್ಪೊಪ್ಪಿಕೊಂಡವಳು ಇವಳು. ತೊಂಬಾನೂ ಇವಳದು. ನಾನು ಕುಡಿದದ್ದು ಇವಳದ್ದನ್ನ. ಇವಳಿಗೂ ನನಗೂ ಇಲ್ಲಿಗೆ ಮುಗೀತು. ಆ ಮಾತು ಇನ್ನು ಯಾರೂ ಎತ್ತಬಾರದು." ಆಮೇಲೆ ರಣಧ್ವಜನ ಕಡೆ ತಿರುಗಿದಳು. "ನೀನು ಇನ್ನೂ ಏನೂ ತಂದಿಲ್ಲ."

"ನಾನೇನು ತರಲಿ? ಗಂಡಸು ನಾನು, ಮರ್ಚಾ ತಟ್ಟಲಾ?"

"ತಟ್ಟು. ಹಸಿ ಕೈ ಬೊಬ್ಬೆ ಏಳುತ್ತೆ, ಅಷ್ಟೇ. ಕಾಯ್ತೀನಿ. ನಾನು ಕಾಯೋದು ನಿನಗೆ ಗೊತ್ತಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಸುಬ್ಬಾ ಅಜ್ಜನೇ ಬುಟ್ಟಿಯೊಳಗೆ ಕೂತು ನಗತೊಡಗಿದ. ಅವನ ಹೆಗಲು ಕುಲುಕುವುದನ್ನು ನೋಡಿ ಉಳಿದವರಿಗೂ ತಡೆಯಲಾಗಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಯಾವ ಅಂಗಳ ಅವಳ ಮುಂದೆ ಬಾಯಿ ಮುಚ್ಚಿಕೊಂಡು ಕೂತಿತ್ತೋ ಅದೇ ಅಂಗಳ ಅವನ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ. ಜಸಮತಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕೂತಿದ್ದಳು.

ಹಿರಿಯರು ಅಲ್ಲೇ ತೀರ್ಮಾನ ಹೇಳಿದರು: ಆಗ ಬಿಡಬೇಕಾಗಿದ್ದ ಎರಡು ಗದ್ದೆ ಈಗ ಜಸಮತಿಗೆ. ಎರಡೂ ಗದ್ದೆ ಅವನ ಮನೆಯ ಮುಂದೆಯೇ ಇದ್ದವು. ಅವಳು ಅವಕ್ಕೆ ನೀರು ಬಿಡಲಿಲ್ಲ, ಭತ್ತ ನೆಡಲಿಲ್ಲ. ಒಳ್ಳೆಯ ಭತ್ತದ ಗದ್ದೆಗೆ ರಾಗಿ ಹಾಕಿದಳು. ಹುಚ್ಚು ಹಿಡಿದಿದೆಯಾ ಎಂದು ಕೇಳಿದವರಿಗೆ, "ಮೆಟ್ಟಿಲ ಮೇಲೆ ನಿಂತ್ರೆ ಕಾಣಬೇಕಲ್ಲ ಅವನಿಗೆ," ಎಂದಳು.

ಮುಂದಿನ ಸಂತೆಯ ದಿನವೇ ತಿಲರೂಪಾ ಬಟ್ಟೆಯ ಗಂಟು, ಒಂದು ಬುಟ್ಟಿ ಮರ್ಚಾ ಹೊತ್ತು ದಿಣ್ಣೆ ಹತ್ತಿದಳು. ರಣಧ್ವಜ ದಾರಿಗೆ ಅಡ್ಡ ನಿಂತನಂತೆ. "ಎಲ್ಲಿಗೆ?" ಎಂದದ್ದಕ್ಕೆ, "ನಿಮ್ಮೂರಲ್ಲಿ ಇದನ್ನ ಯಾರಿಗೆ ಹಾಕ್ತಾರೆ ಅಂತ ನೋಡ್ಕೊಂಡು ಬರ್ತೀನಿ," ಎಂದು ಸುತ್ತಿಕೊಂಡು ಹೋದಳಂತೆ. ಗುಡಿಸಲ ಮುಂದೆ ಗಂಟು ಇಳಿಸಿದವಳಿಗೆ ಜಸಮತಿ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ತಿಲರೂಪಾ ತಂದ ಬುಟ್ಟಿಯಿಂದ ಒಂದು ಬಿಲ್ಲೆ ಮುರಿದು ಮೂಸಿ, "ಮೆಣಸು ಜಾಸ್ತಿ," ಎಂದಳು. ಆ ಜಗಳ ಇನ್ನೂ ಮುಗಿದಿಲ್ಲ. ಒಂದೇ ಕೋಣೆಯಲ್ಲಿ ಎರಡು ಒಲೆ, ಎರಡು ಬಗೆಯ ಮರ್ಚಾ. ಗಿರಾಕಿಗಳು ಯಾರ ಗಡಿಗೆಯದು ಬೇಕೆಂದು ಹೇಳಿಯೇ ಕೂರಬೇಕು. ತಪ್ಪಿ ಒಬ್ಬಳದನ್ನು ಹೊಗಳಿದರೆ ಇನ್ನೊಬ್ಬಳು ಬಿಸಿನೀರು ಹೊಯ್ಯುವುದಿಲ್ಲ.

ರಣಧ್ವಜ ಒಂದು ಚಳಿಗಾಲ ನಿಜವಾಗಿಯೂ ಮಾಡಲು ಹೋದ. ಕಾಡಿನಲ್ಲಿ ಕುಂಟುತ್ತ ಬೇರು ಅಗೆಯುವುದನ್ನು ಜನ ನೋಡಿದರು. ಕೈಗೆ ಬಟ್ಟೆ ಸುತ್ತಿಕೊಂಡು ತಿಂಗಳು ತಿರುಗಿದ. ಗಡಿಗೆ ತೆರೆದರೆ ಒಳಗೆ ಲೋಳೆ. ಈಗ ಅವನು ಪೇಟೆಯ ಸೀಲು ಬಾಟಲಿ ಕುಡಿಯುತ್ತಾನೆ, ಒಬ್ಬನೇ. ಮಗಳು ವರ್ಷಕ್ಕೊಮ್ಮೆ ಬಂದರೂ ದಿಣ್ಣೆಯ ಮೇಲೆ ಅಮ್ಮನ ಹತ್ತಿ‍ರ ಉಳಿದು ಹೋಗುತ್ತಾಳೆ.

ಹೋದ ತಿಂಗಳು ಜಸಮತಿ ರಾಗಿ ಬೇಯಿಸುತ್ತಿದ್ದಾಗ ಹೋಗಿದ್ದೆ. ಅವಳೂ ಅರವತ್ತು ದಾಟಿದ್ದಾಳೆ. ಜರಿಗಿಡದ ವಿಷಯ ಅವತ್ತು ಹೇಳಿಬಿಟ್ಟೆ. ಅವಳು ಸೌಟು ತಿರುಗಿಸುವುದನ್ನು ನಿಲ್ಲಿಸದೆ, "ಗೊತ್ತು. ಬೂಸ್ಟು ನಿಲ್ಲಬೇಕಾದ್ರೆ ಯಾರೋ ಹೇಳಿರಲೇಬೇಕು, ನೀನಲ್ಲದೆ ಇನ್ಯಾರು?" ಎಂದಳು.

"ಸಿಟ್ಟಿಲ್ವಾ?"

"ಇತ್ತು. ಅದಕ್ಕೇ ಮೂರು ವರ್ಷದಿಂದ ನಿನಗೆ ಕೊಡೋ ಮರ್ಚಾದಲ್ಲಿ ಹಳೇದು ಬೆರೆಸ್ತಿದ್ದೆ. ನಿಮ್ಮ ಮನೇಲಿ ತೊಂಬಾ ತೆಳ್ಳಗಾಗ್ತಿರಲಿಲ್ವಾ?"

ಆಗುತ್ತಿತ್ತು. ನಾನು ರಾಗಿಯನ್ನು ಬೈಯುತ್ತಿದ್ದೆ. ಇನ್ನೊಂದು ಕೇಳಿದೆ. "ಅವನನ್ನ ಹೀಗೆ ನೋಡಿ ನಿನಗೆ ನಿಜವಾಗ್ಲೂ ಖುಷಿ ಆಗುತ್ತಾ ಅಕ್ಕ?"

"ಆಗುತ್ತೆ," ಎಂದಳು. "ಆಗಲ್ಲ ಅಂತ ಹೇಳ್ತೀನಿ ಅಂದ್ಕೊಂಡಿದ್ಯಾ?"

ತಿಲರೂಪಾ ಒಳಗಿನಿಂದ, ಸೌದೆ ತೆಗೆ, ತಳ ಹಿಡೀತಿದೆ ಎಂದು ಕೂಗಿದಳು. ನನಗೆ ಗೊತ್ತು, ನೀನೇನು ಹೇಳೋದು ಎಂದು ಜಸಮತಿ ಇಲ್ಲಿಂದ ಕೂಗಿದಳು, ಕೂಗುತ್ತಲೇ ಒಂದು ಕೊಳ್ಳಿ ಹಿಂದಕ್ಕೆಳೆದಳು.